ಭುಜದ ಮೇಲೆ ಉಳಿದ ಕೈ

ಶಿವಲಕ್ಷ್ಮಿ ಹೆದರುತ್ತಾಳೆ ಎಂದು ಯಾರಾದರೂ ಹೇಳಿದ್ದರೆ ಆ ಊರಿನವರು ಬಿದ್ದು ಬಿದ್ದು ನಗುತ್ತಿದ್ದರು. ಭೀಮನಬೀಡಿನಿಂದ ಒಂದು ಮೈಲಿ ಒಳಗಿರುವ ಆ ಸಣ್ಣ ಹಳ್ಳಿಯ ಹೆಂಗಸರ ಹಾಲಿನ ಡೈರಿಗೆ ಅವಳು ಹದಿನೆಂಟು ವರ್ಷದಿಂದ ಕಾರ್ಯದರ್ಶಿ. ಪಂಚಾಯಿತಿ ಅಧ್ಯಕ್ಷರ ಮನೆಯಿಂದ ಬಂದ ಹಾಲಿಗೆ ಲ್ಯಾಕ್ಟೋಮೀಟರ್ ಇಳಿಬಿಟ್ಟು ನೋಡಿ, ಎಲ್ಲರೆದುರಿಗೆ, "ನಿಮ್ಮ ಹಸ ಕೆರೆಗೆ ಬಿದ್ದು ಬಂದಿತ್ತಾ ಅಧ್ಯಕ್ಷರೇ?" ಎಂದು ಕೇಳಿ ಕ್ಯಾನು ವಾಪಸ್ಸು ಕಳಿಸಿದವಳು. ಹಾಲು ಕರೆಯುವುದು ಹೆಂಗಸರು, ಸಭೆಗೆ ಬಂದು ಕುರ್ಚಿಯಲ್ಲಿ ಕೂರುವುದು ಗಂಡಸರು ಎಂಬ ಪದ್ಧತಿ ಅಲ್ಲೂ ಇತ್ತು. ಒಂದು ವರ್ಷ ವಾರ್ಷಿಕ ಸಭೆಯ ದಿನ ಬಾಗಿಲಿಗೆ ಅಡ್ಡ ನಿಂತು, "ಕೆಚ್ಚಲು ಮುಟ್ಟಿದವ್ರು ಮಾತ್ರ ಒಳಕ್ಕೆ ಬನ್ನಿ" ಎಂದಳು. ಮೀಸೆ ಹೊತ್ತವರೆಲ್ಲ ಹುಣಸೆಮರದ ಕೆಳಗೆ ಬೀಡಿ ಸೇದಿಕೊಂಡು ಉಳಿದರು. ಅಂದಿನಿಂದ ಇಂದಿನವರೆಗೆ ಅಲ್ಲೇ ಉಳಿದಿದ್ದಾರೆ.

ಇಂಥವಳು ಹದಿನಾರು ವರ್ಷಗಳಿಂದ ದಿನಾ ಹೆದರಿಕೊಂಡೇ ಬದುಕಿದ್ದಳು. ಅದು ಗೊತ್ತಿದ್ದದ್ದು ಭಾನುವಿಗೊಬ್ಬಳಿಗೆ.

ಇಪ್ಪತ್ತನೇ ವಯಸ್ಸಿಗೆ ಶಿವಲಕ್ಷ್ಮಿಯನ್ನು ಪುಣಜನೂರಿನಾಚೆ ಕಾಡಂಚಿನ ಒಂದು ಹಳ್ಳಿಗೆ ಮದುವೆ ಮಾಡಿ ಕೊಟ್ಟಿದ್ದರು. ಗಂಡ ಕೆಟ್ಟವನಲ್ಲ. ಅವಳ ಮನಸ್ಸು ಅಲ್ಲಿರಲಿಲ್ಲ, ಅಷ್ಟೆ. ಆ ಊರಿನಲ್ಲಿ ಇಬ್ಬರು ಹುಡುಗಿಯರು ಒಬ್ಬರನ್ನೊಬ್ಬರು ಬಿಟ್ಟಿರುವುದಿಲ್ಲ ಎಂದು ಹೇಳಿದ್ದಕ್ಕೆ ಏನಾಯಿತು ಎಂಬುದನ್ನು ಅವಳು ಬಾವಿಕಟ್ಟೆಯ ಹತ್ತಿರ ನಿಂತು ನೋಡಿದ್ದಳು. ಒಬ್ಬಳನ್ನು ಎಂಟೇ ದಿನದಲ್ಲಿ ತಮಿಳುನಾಡಿನ ಕಡೆಗೆ ಮದುವೆ ಮಾಡಿ ಸಾಗಿಸಿದರು. ಇನ್ನೊಬ್ಬಳ ಮನೆಯವರೊಂದಿಗೆ ಊರು ಮಾತು ಬಿಟ್ಟಿತು. ಬೆಂಕಿಪೊಟ್ಟಣ ಕೇಳಿದರೂ ಅಂಗಡಿಯವನು ತಲೆ ಎತ್ತುತ್ತಿರಲಿಲ್ಲ. ಬಡಿದು ಬೈದಿದ್ದರೂ ಆ ಹುಡುಗಿ ತಡೆದುಕೊಳ್ಳುತ್ತಿದ್ದಳೇನೋ. ಮಾತೇ ಇಲ್ಲದಿದ್ದದ್ದನ್ನು ತಡೆಯಲಾರದೆ ಅವಳೂ ಒಂದು ದಿನ ಊರು ಬಿಟ್ಟಳು, ಎಲ್ಲಿಗೆ ಹೋದಳೋ ಯಾರೂ ಹುಡುಕಲಿಲ್ಲ. ಎರಡು ವರ್ಷಕ್ಕೆ ಶಿವಲಕ್ಷ್ಮಿ ತವರಿಗೆ ಬಂದುಬಿಟ್ಟಳು. ಆ ಬಾವಿಕಟ್ಟೆಯ ಭಯವೂ ಅವಳ ಜೊತೆಗೇ ಬಂತು.

ಭಾನು ಸಿಕ್ಕಿದ್ದು ಚಾಮರಾಜನಗರದ ಹೊಲಿಗೆ ತರಬೇತಿಯಲ್ಲಿ. ಸಂತೆಮರಹಳ್ಳಿಯ ಹುಡುಗಿ, ಸಣ್ಣ ದನಿ, ಕತ್ತರಿ ಹಿಡಿದರೆ ಮಾತ್ರ ಗಟ್ಟಿಗಿತ್ತಿ. ಮೂರು ತಿಂಗಳ ತರಬೇತಿಯಲ್ಲಿ ಶಿವಲಕ್ಷ್ಮಿ ಕಾಜ ಹೊಲಿಯುವುದನ್ನೂ ಕಲಿಯಲಿಲ್ಲ. ಭಾನುವನ್ನು ನೋಡುತ್ತಾ ಕೂತಿದ್ದಳು. ಅಪ್ಪ ಶಿವಮಲ್ಲಪ್ಪ, ಅಮ್ಮ ಇಬ್ಬರೂ ತೀರಿಕೊಂಡ ಮೇಲೆ ಭಾನುವನ್ನು ಮನೆಗೆ ಕರೆತಂದಳು. ಊರಿಗೆ ಹೇಳಿದ್ದು, "ದೂರದ ನೆಂಟರ ಹುಡುಗಿ, ನಂಗೂ ಜೊತೆ ಆಯ್ತದೆ" ಎಂದು. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಬಂತು. ಸುತ್ತಿನ ನಾಲ್ಕು ಹಳ್ಳಿಯ ಹೆಂಗಸರ ರವಿಕೆಗಳೆಲ್ಲ ಅಲ್ಲಿಗೇ ಬರತೊಡಗಿದವು.

ಮನೆಯಲ್ಲಿ ಎರಡು ಮಂಚ ಇದ್ದವು. ಒಂದರ ಮೇಲೆ ಯಾರೂ ಮಲಗುತ್ತಿರಲಿಲ್ಲ, ಆದರೂ ದಿನಾ ಬೆಳಿಗ್ಗೆ ಅದರ ಹಾಸಿಗೆಯನ್ನು ಕೆದರಿ ಮತ್ತೆ ಸರಿ ಮಾಡಬೇಕಿತ್ತು. ಹೆಪ್ಪಿಗೆ ಮಜ್ಜಿಗೆ ಕೇಳಿಕೊಂಡು ಬರುವ ಎದುರುಮನೆ ಯಶೋದಮ್ಮನ ಕಣ್ಣಿಗಾಗಿ. ಭಾನು ಹೊರಗೆ 'ಅಕ್ಕ' ಎನ್ನುತ್ತಿದ್ದಳು, ಒಳಗೆ 'ಲಕ್ಷ್ಮಿ' ಎನ್ನುತ್ತಿದ್ದಳು. ಬೀದಿಯಲ್ಲಿ ಎಂದೂ ಪಕ್ಕದಲ್ಲಿ ನಡೆಯುತ್ತಿರಲಿಲ್ಲ, ನಾಲ್ಕು ಹೆಜ್ಜೆ ಹಿಂದೆ. ಕಳ್ಳನ ಮನಸ್ಸು ಹುಳ್ಳಹುಳ್ಳಗೆ ಅನ್ನುತ್ತಾರೆ. ಇವರೇನೂ ಕದ್ದಿರಲಿಲ್ಲ, ಆದರೂ ಹದಿನಾರು ವರ್ಷ ಕಳ್ಳರ ಹಾಗೆ ಬಾಳಿದರು.

ಹೀಗಿರುವಾಗ ಚಾಮರಾಜನಗರದಿಂದ ಶಿವರಂಜಿನಿ ಎಂಬುವರ ಫೋನು ಬಂತು. ಗಂಡಾಗಿ ಹುಟ್ಟಿ ಹೆಣ್ಣಾಗಿ ಬಾಳುತ್ತಿರುವ ಹೆಂಗಸು. ಅವರ ಸಂಘದ ಫೋನಿಗೆ ಭಾನು ಆಗಾಗ ಗುಟ್ಟಾಗಿ ಮಾತಾಡಿ ಎದೆಯ ಭಾರ ಇಳಿಸಿಕೊಳ್ಳುತ್ತಿದ್ದಳು. ಆ ಸಂಘದವರು ಈ ವರ್ಷ ತಮ್ಮಂಥವರ ಒಂದು ಪಟ್ಟಿ ಮಾಡಿದ್ದರು. ಗಂಡನ್ನು ಪ್ರೀತಿಸುವ ಗಂಡು, ಹೆಣ್ಣನ್ನು ಪ್ರೀತಿಸುವ ಹೆಣ್ಣು, ಹುಟ್ಟಿದ ಮೈ ಬಿಟ್ಟು ತಮ್ಮದೇ ಬದುಕು ಹಿಡಿದವರು, ಇವರಲ್ಲಿ ನಾಲ್ಕು ಜನಕ್ಕೆ ಬೆಳಕಾದವರನ್ನು ಗುರುತಿಸಿ ಶಾಲು ಹೊದಿಸುವುದು. ಒಬ್ಬ ಮೇಷ್ಟ್ರು, ಒಬ್ಬ ನರ್ಸು, ಒಬ್ಬ ಪಂಚಾಯಿತಿ ಸದಸ್ಯೆ; ಜೊತೆಗೆ ಶಿವಲಕ್ಷ್ಮಿ.

"ಬ್ಯಾಡವೇ ಬ್ಯಾಡ" ಎಂದಳು ಶಿವಲಕ್ಷ್ಮಿ.

ಭಾನು ಮೂರು ದಿನ ತಲೆ ತಗ್ಗಿಸಿ ಹೊಲಿದಳು. ನಾಲ್ಕನೇ ದಿನ ಸೂಜಿಗೆ ದಾರ ಪೋಣಿಸುತ್ತಾ, "ಒಂದ್ ಕಡೆಲಾದ್ರೂ ನಮ್ಮಿಬ್ರ ಹೆಸ್ರು ಜೊತೇಲಿ ಬರ್ಲಿ ಅಂತ ಆಸೆ ಲಕ್ಷ್ಮಿ. ನಾವು ಸತ್ರೂ ಒಂದೇ ಕಾಗ್ದದಲ್ಲಿ ನಮ್ಮೆಸ್ರು ಇರಕಿಲ್ಲ" ಎಂದಳು. ಆ ಮಾತಿಗೆ ಶಿವಲಕ್ಷ್ಮಿ ಸೋತಳು. ಪೇಪರಿಗೆ ಕೊಡಬಾರದು, ಫೋಟೊ ತೆಗೆಯಬಾರದು ಎಂದು ಕರಾರು ಹಾಕಿ ಒಪ್ಪಿದಳು. ವಿಳಾಸ ಕೇಳಿದಾಗ ಎಂದಿನ ಅಭ್ಯಾಸದಲ್ಲಿ ಡೈರಿಯ ವಿಳಾಸ ಹೇಳಿಬಿಟ್ಟಳು.

ಅದೇ ತಪ್ಪಾದದ್ದು. ಆ ಊರಿನಲ್ಲಿ ಟಪಾಲು ಬರುವುದೇ ಡೈರಿಗೆ, ಮತ್ತು ಡೈರಿಗೆ ಬಂದ ಕಾಗದ ಎಲ್ಲರದ್ದು. ಯಾರಿದ್ದಾರೋ ಅವರು ಒಡೆಯುತ್ತಾರೆ. ಕದ್ದು ಓದಿದರು ಅಂತ ಯಾರೂ ಅಂದುಕೊಳ್ಳುವುದಿಲ್ಲ, ಓದಿ ಉಪಕಾರ ಮಾಡಿದರು ಅಂದುಕೊಳ್ಳುತ್ತಾರೆ.

ಸನ್ಮಾನಕ್ಕೆ ನಾಲ್ಕು ದಿನ ಇರುವಾಗ, ಬೆಳಗಿನ ಹಾಲು ಲಾರಿಗೆ ಹೋಗಿ ಶಿವಲಕ್ಷ್ಮಿ ಕ್ಯಾನು ತೊಳೆಯುತ್ತಿದ್ದಳು. ಪಂಚಾಯಿತಿ ಮೆಂಬರು ಗಿರೀಶ್ ಬೈಕು ನಿಲ್ಲಿಸಿ ಓಡಿ ಬಂದ. ಮೂವತ್ತೆರಡು ವರ್ಷದ ಆಸಾಮಿ, ಮುಂದಿನ ಸಲ ಅಧ್ಯಕ್ಷನಾಗುವ ಕನಸು.

"ಅಕ್ಕೋ! ಚಾಮ್ರಾಜನಗರದಲ್ಲಿ ನಿಂಗೆ ಸನ್ಮಾನ ಅಂತಲ್ಲಕ್ಕ! ನಿನ್ನೆ ಸಂದೇಲೇ ಕಾಗ್ದ ಬಂತು, ನೀನಿರ್ನಿಲ್ಲ, ನಾನೇ ಒಡ್ದೆ. ಫ್ಲೆಕ್ಸ್‌ಗೂ ಕಳುಸ್ಬುಟ್ಟಿವ್ನಿ ಕಣಕ್ಕ."

ಶಿವಲಕ್ಷ್ಮಿ ಕ್ಯಾನು ಕೆಳಗಿಟ್ಟಳು. "ಏನ್ ಕಳುಸ್ದೆ?"

"ಕಾಗ್ದದ್ದೇ ಫೋಟೊ ಒಡ್ದು ಗುಂಡ್ಲುಪೇಟೆ ಮಾಲಿಂಗನ್ ಅಂಗ್ಡೀಗೆ ಆಕ್ದೆ. ಮ್ಯಾಟ್ರೆಲ್ಲಾ ಅದ್ರಲ್ಲೇ ಅದಲ್ಲ. ಅನ್ನೊಂದು ಗಂಟೆಗೆ ಪ್ರಿಂಟು, ಮಧ್ಯಾನ್ಕೆ ಸರ್ಕಲ್ಲಲ್ಲಿ ಕಟ್ಸೋದೇಯ!"

ನಮ್ಮ ಸೀಮೆಯ ಈ ಫ್ಲೆಕ್ಸಿನ ಚಪಲ ಒಂದು ರೋಗ. ಮಗು ನಾಮಕರಣಕ್ಕೆ ಫ್ಲೆಕ್ಸು, ಹತ್ತನೇ ಕ್ಲಾಸು ಪಾಸಾದರೆ ಫ್ಲೆಕ್ಸು, ತಾತ ಸತ್ತರೆ ಫ್ಲೆಕ್ಸು. ಸನ್ಮಾನ ಯಾತಕ್ಕೆ ಎಂದು ಯಾರೂ ಕೇಳುವುದಿಲ್ಲ, ಹಾಗೆ ಕೇಳುವುದು ಮರ್ಯಾದೆಯಲ್ಲ. ಸನ್ಮಾನ ಪಡೆದವರ ಫೋಟೊಗಿಂತ ಹಾಕಿಸಿದವರ ಫೋಟೊ ಒಂದು ಗೇಣು ದೊಡ್ಡದಿದ್ದರೆ ಆಯಿತು. ಗಿರೀಶ್ ಕಾಗದವನ್ನು ಪೂರ್ತಿ ಓದಿದ್ದನೋ, ಮೇಲಿನ ಎರಡು ಸಾಲು ನೋಡಿ ಕುಣಿದಿದ್ದನೋ, ಅವನ ಮುಖದಿಂದ ತಿಳಿಯುವಂತಿರಲಿಲ್ಲ.

ಅವನು ಕೊಟ್ಟ ಕಾಗದವನ್ನು ಶಿವಲಕ್ಷ್ಮಿ ಒದ್ದೆ ಕೈಯಲ್ಲೇ ಬಿಡಿಸಿದಳು. ಎರಡನೇ ಪ್ಯಾರಾದಲ್ಲಿ ಎಲ್ಲವೂ ಇತ್ತು. 'ಹೆಣ್ಣಾಗಿ ಹೆಣ್ಣನ್ನೇ ಪ್ರೀತಿಸಿ, ಸಂಗಾತಿ ಭಾನು ಅವರೊಂದಿಗೆ ಹದಿನಾರು ವರ್ಷಗಳಿಂದ ಬಾಳುತ್ತಾ, ಹಳ್ಳಿಯ ಹೆಣ್ಣುಮಕ್ಕಳಿಗೆ ದನಿಯಾದ ಶಿವಲಕ್ಷ್ಮಿ ಅವರನ್ನು...' ಮುಂದೆ ಓದಲು ಅಕ್ಷರಗಳು ನಿಲ್ಲಲಿಲ್ಲ.

ಕ್ಯಾನುಗಳನ್ನು ಹಾಗೇ ಬಿಟ್ಟು ಮನೆಗೆ ಓಡಿದಳು. ಭಾನು ಕಾಗದ ಓದಿದಳು, ತನ್ನ ಹೆಸರಿನ ಮೇಲೆ ಒಮ್ಮೆ ಬೆರಳಾಡಿಸಿದಳು. "ನಾನೂ ಬತ್ತೀನಿ ಗುಂಡ್ಲುಪೇಟೆಗೆ" ಎಂದಳು.

"ನೀನಾ? ಇಬ್ರೂ ಒಟ್ಗೆ ಓಡುದ್ರೆ ಊರು ಏನಂದದು? ಕುಂತ್ಕ ಸುಮ್ನೆ!"

ಹಾಗೆ ಗದರಿದ್ದು ಭಾನುವಿಗಲ್ಲ, ಭಯಕ್ಕೆ. ಭಾನುವಿಗೂ ಅದು ಗೊತ್ತಿತ್ತು. ಕೂತಳು.

ಬಸ್ಸಿನಲ್ಲಿ ಶಿವಲಕ್ಷ್ಮಿ ಕಿಟಕಿಯ ಪಕ್ಕ ಕೂತಳೇ ಹೊರತು ಏನನ್ನೂ ನೋಡಲಿಲ್ಲ. ಎರಡೂ ಕಡೆ ಚೆಂಡುಹೂವಿನ ಹೊಲಗಳು ಹಳದಿಯಾಗಿ ಹರಡಿದ್ದವು, ಕೇರಳದ ಕಾರಿನವರು ಇಳಿದು ಫೋಟೊ ತೆಗೆಸಿಕೊಳ್ಳುತ್ತಿದ್ದರು. ಅವಳ ಕಣ್ಣಿಗೆ ಕಾಣುತ್ತಿದ್ದದ್ದು ಒಂದೇ: ನಾಳೆ ಬೆಳಿಗ್ಗೆ ಆರು ಗಂಟೆಗೆ ಡೈರಿ ಬಾಗಿಲು ತೆಗೆದರೆ ಸಾಲಿನಲ್ಲಿ ಒಬ್ಬಳೂ ಇಲ್ಲ. ಇವಳು ಮುಟ್ಟಿದ ಹಾಲು ಬೇಡ ಎಂದುಬಿಟ್ಟರೆ? ಭಾನುವಿನ ಕೈಯಲ್ಲಿ ಅಳತೆ ಕೊಡಲು ಮೈಮುಟ್ಟಿಸಿಕೊಳ್ಳುವುದಿಲ್ಲ ಎಂದುಬಿಟ್ಟರೆ? ಬೆಂಕಿಪೊಟ್ಟಣ ಕೇಳಿದರೂ ತಲೆ ಎತ್ತದಿದ್ದರೆ? ಅವಳ ಅಂಗೈ ಬೆವರಿ ಟಿಕೆಟ್ಟು ಮುದ್ದೆಯಾಯಿತು. ಹತ್ತೂವರೆ ಆಗಿತ್ತು.

ಗುಂಡ್ಲುಪೇಟೆಯ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಮಹಾಲಿಂಗನ ಫ್ಲೆಕ್ಸ್ ಅಂಗಡಿ. ಒಳಗೆ ಕಾಲಿಟ್ಟಾಗ ಯಂತ್ರ ಕಿರ್ ಕಿರ್ ಎಂದು ಓಡುತ್ತಿತ್ತು, ಬಿಳಿ ಹಾಳೆ ಅಂಗುಲ ಅಂಗುಲವಾಗಿ ಹೊರಗೆ ಬರುತ್ತಿತ್ತು. ಮೊದಲು ಕೆಂಪು ಬಣ್ಣ, ಆಮೇಲೆ ಯಾವುದೋ ತಲೆಗೂದಲು. ಶಿವಲಕ್ಷ್ಮಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಆಗಿಹೋಯಿತು, ಅಚ್ಚಾಗಿಹೋಯಿತು ಎಂದುಕೊಂಡಳು. ಹಣೆ ಬಂತು, ವಿಭೂತಿ ಬಂತು, ಆಮೇಲೆ ಬಿಳಿ ಮೀಸೆ ಬಂತು. ಯಾರೋ ತೀರಿಕೊಂಡ ಮುದುಕರು. ಶ್ರದ್ಧಾಂಜಲಿಯ ಫ್ಲೆಕ್ಸು. ಮದುವೆಮನೆಯ ಫೋಟೊದಿಂದ ಕತ್ತರಿಸಿ ತೆಗೆದದ್ದಿರಬೇಕು, ಪಕ್ಕದಲ್ಲಿದ್ದ ಹೆಂಡತಿಯ ಸೀರೆಯಂಚು ಮುದುಕರ ತೋಳಿನ ಹತ್ತಿರ ಒಂದಿಷ್ಟು ಉಳಿದುಕೊಂಡಿತ್ತು.

"ಬನ್ನಿ ಅಕ್ಕ, ಮುಂದಿಂದು ನಿಮ್ದೇ" ಎಂದ ಮಹಾಲಿಂಗ, ಕಂಪ್ಯೂಟರಿನಿಂದ ತಲೆ ಎತ್ತಿ. ನಲವತ್ತರ ಮನುಷ್ಯ, ಕಿವಿಯಲ್ಲಿ ಪೆನ್ಸಿಲು. ಪರದೆಯ ಮೇಲೆ ಅವಳ ಫೋಟೊ ಇತ್ತು. ಅವಳದ್ದೊಂದೇ ಅಲ್ಲ. ವಾರ್ಷಿಕ ಸಭೆ ಮುಗಿದು ಹೊರಗೆ ಬಂದಾಗ ಗಿರೀಶನೇ ತೆಗೆದದ್ದು: ಶಿವಲಕ್ಷ್ಮಿ ಬಾಯ್ತುಂಬ ನಗುತ್ತಿದ್ದಾಳೆ, ಅವಳ ಭುಜದ ಮೇಲೆ ಕೈಯಿಟ್ಟು ಭಾನು ನಿಂತಿದ್ದಾಳೆ. ಯಾರೋ ಏನೋ ತಮಾಷೆ ಹೇಳಿ, ಭಾನು ಮೈಮರೆತು ಒಂದೇ ಒಂದು ಸಲ ಹಾಗೆ ಕೈಯಿಟ್ಟಿದ್ದಳು. ಪಕ್ಕದಲ್ಲಿ ಕಾಗದ ತೆರೆದಿತ್ತು, ಎರಡನೇ ಪ್ಯಾರಾ ಸಮೇತ.

"ಓದುದ್ರಾ?" ಶಿವಲಕ್ಷ್ಮಿ ಕೇಳಿದಳು.

"ದಿನಕ್ಕೆ ಇಪ್ಪತ್ತು ಫ್ಲೆಕ್ಸು ಓಡುಸ್ತೀನಿ. ಓದಿದ್ದೆಲ್ಲಾ ತಲೇಲಿ ಮಡಿಕಂಡ್ರೆ ತಲೆ ಒಡ್ದೋಯ್ತದೆ ಅಕ್ಕ." ಅವನು ಅವಳ ಮುಖ ನೋಡದೆ ಹೇಳಿದ. ಅದು ಧೈರ್ಯ ಹೇಳಿದ್ದೋ ಜಾರಿಕೊಂಡದ್ದೋ ಗೊತ್ತಾಗಲಿಲ್ಲ. "ಮೇಲಿನ್ ಪ್ಯಾರಾ ಮಾತ್ರ ಆಕ್ಲಾ, ಕೆಳಗಿಂದೂ ಸೇರುಸ್ಲಾ?"

"ಕೆಳಗಿಂದು ಬ್ಯಾಡ. 'ಸನ್ಮಾನಕ್ಕೆ ಪಾತ್ರರಾದ' ಅಂತ ಮಾತ್ರ ಆಕಿ."

"ಇವ್ರು?" ಬಾಣದ ಗುರುತು ಭಾನುವಿನ ಮುಖದ ಮೇಲೆ ಬಂದು ನಿಂತಿತು. "ಗಿರೀಶು ಇಬ್ರುದೂ ಇರ್ಲಿ ಅಂದ."

ಶಿವಲಕ್ಷ್ಮಿ ಬಾಗಿಲ ಕಡೆ ನೋಡಿದಳು. ಯಾರೂ ಇರಲಿಲ್ಲ. "ತಗ್ದಾಕಿ" ಎಂದಳು.

ಎರಡೇ ನಿಮಿಷ. ಮೊದಲು ಭಾನುವಿನ ಸೀರೆ ಹೋಯಿತು, ಆಮೇಲೆ ಮುಖ ಹೋಯಿತು. ಮಹಾಲಿಂಗ ತಡೆದು ನಿಂತ. "ಭುಜದ್ ಮ್ಯಾಲಿನ್ ಕೈ ತಗುದ್ರೆ ನಿಮ್ ಭುಜಾನೂ ಓಯ್ತದೆ ಅಕ್ಕ. ಅದೊಂದು ಇರ್ಲಾ?"

"ಇರ್ಲಿ. ಯಾರ್ ನೋಡ್ತಾರೆ."

ಮಧ್ಯಾಹ್ನ ಮೂರು ಗಂಟೆಗೆ ಊರಿನ ಸರ್ಕಲ್ಲಿನಲ್ಲಿ, ಡೈರಿಯ ಬಾಗಿಲಿನ ಎದುರಿಗೇ, ಫ್ಲೆಕ್ಸು ಎದ್ದಿತು. ಅದರಲ್ಲಿ ಗಿರೀಶ್ ಕೈಮುಗಿದು ನಗುತ್ತಿದ್ದ, ಒಂದು ಗೇಣು ದೊಡ್ಡವನಾಗಿಯೇ. ಭಾನು ಯಾವಾಗ ಹೋಗಿ ನೋಡಿ ಬಂದಳೋ ಶಿವಲಕ್ಷ್ಮಿಗೆ ತಿಳಿಯಲಿಲ್ಲ. ಸಂಜೆ ಇವಳು ಡೈರಿಗೆ ಹೊರಡುವಾಗ ಭಾನು ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು, ಕಾಲು ತುಳಿಯುತ್ತಿರಲಿಲ್ಲ.

"ನೋಡ್ದಾ?" ಶಿವಲಕ್ಷ್ಮಿ ಕೇಳಿದಳು.

"ಹೂಂ. ನನ್ ಕೈ ಅದೆ." ಬಟ್ಟೆಯ ಅಂಚು ಸರಿ ಮಾಡಿಕೊಳ್ಳುತ್ತಾ, "ಚೆನ್ನಾಗದೆ ಬುಡು" ಎಂದಳು. ಅಳಲಿಲ್ಲ. ಅತ್ತಿದ್ದರೆ ಶಿವಲಕ್ಷ್ಮಿ ಸಮಾಧಾನ ಮಾಡಿ ತಾನೂ ಹಗುರಾಗಬಹುದಿತ್ತು.

ಸಂಜೆಯ ಸಾಲು ಎಂದಿನಂತೆ ನಿಂತಿತ್ತು. ಎಂದಿನಂತೆ ಇತ್ತು ಎಂಬುದೇ ಶಿವಲಕ್ಷ್ಮಿಗೆ ಭಯ. ಕಾಗದ ಗಿರೀಶನ ಫೋನಿನಲ್ಲಿದೆ, ಆ ಫೋನಿನಿಂದ ಎಷ್ಟು ಫೋನಿಗೆ ಹೋಗಿದೆಯೋ. ಇಬ್ಬರು ಪಿಸುಗುಟ್ಟಿದರೆ ತನ್ನ ಬಗ್ಗೆಯೇ ಅನಿಸುತ್ತಿತ್ತು. ಯಾರೂ ಮಾತಾಡದಿದ್ದರೆ ಇನ್ನೂ ಹೆಚ್ಚು ಅನಿಸುತ್ತಿತ್ತು. ಲ್ಯಾಕ್ಟೋಮೀಟರ್ ಅವಳ ಕೈಯಲ್ಲಿ ಕೊಳವೆಯ ಅಂಚಿಗೆ ತಾಕಿ ಟಿಣಿಟಿಣಿ ಅನ್ನುತ್ತಿತ್ತು.

ಎಂಬತ್ತರ ಪುಟ್ಟಮಲ್ಲಮ್ಮ ಸಾಲಿನಲ್ಲಿ ಮೊದಲು ಬರುವವಳು, ಕೊನೆಗೆ ಹೋಗುವವಳು. ಅವತ್ತು ಸಾಲು ಬಿಟ್ಟು ಫ್ಲೆಕ್ಸಿನ ಕೆಳಗೆ ಹೋಗಿ, ಹಣೆಗೆ ಕೈ ಅಡ್ಡ ಇಟ್ಟು ನೋಡುತ್ತಾ ನಿಂತಳು.

"ಇದು ಭಾನು ಕೈ ಅಲ್ವೇನಮ್ಮಿ?"

ಸಾಲು ಪೂರ್ತಿ ಆ ಕಡೆ ತಿರುಗಿತು. ಶಿವಲಕ್ಷ್ಮಿಯೂ ನೋಡಿದಳು. ಯಾರ್ ನೋಡ್ತಾರೆ ಎಂದಿದ್ದಳು. ಅಲ್ಲಿ ನಿಂತ ಒಬ್ಬೊಬ್ಬಳ ಭುಜವನ್ನೂ ಆ ಕೈ ಹದಿನಾರು ವರ್ಷ ಅಳೆದಿತ್ತು ಎಂಬುದು ಅವಳಿಗೆ ಹೊಳೆದೇ ಇರಲಿಲ್ಲ. ತೋರುಬೆರಳಿನ ಮೇಲೆ ಕತ್ತರಿ ತಾಕಿದ ಗಾಯದ ಗುರುತು, ಮಣಿಕಟ್ಟಿನಲ್ಲಿ ಎರಡು ಹಸಿರು ಬಳೆ.

"ಅವಳ್ದೇಯ" ಎಂದಳು ಸಾಲಿನಲ್ಲಿದ್ದ ರಮ್ಯ, ಊರಿಗೆ ಹೊಸದಾಗಿ ಬಂದ ಸೊಸೆ. "ನನ್ ಮದ್ವೆ ರವ್ಕೆ ಹೊಲ್ದ ಕೈ."

"ಯಾರ್ಲಾ ಗಿರೀಶ ಅವಳ್ನ ಕುಯ್ದಾಕಿದ್ದು?" ಪುಟ್ಟಮಲ್ಲಮ್ಮ ಗದರಿದಳು.

ಫ್ಲೆಕ್ಸಿನ ಹಗ್ಗ ಬಿಗಿಯುತ್ತಿದ್ದ ಗಿರೀಶ್ ಗಾಬರಿಯಾದ. "ನಾನಲ್ಲ ಕಣಜ್ಜಿ! ನಾನು ಇಬ್ರುದೂ ಕಳುಸಿದ್ದೆ. ಅಕ್ಕನೇ ಓಗಿ ತಗುಸುದ್ರಂತೆ."

ಮುದುಕಿ ಕೋಲೂರಿಕೊಂಡು ಬಂದು ಶಿವಲಕ್ಷ್ಮಿಯ ಮೇಜಿನ ಮುಂದೆ ನಿಂತಳು. ದನಿ ತಗ್ಗಿಸಲಿಲ್ಲ, ತಗ್ಗಿಸುವ ಅಭ್ಯಾಸ ಅವಳಿಗಿರಲಿಲ್ಲ. "ಜೋಡೀಲಿ ತಗುಸ್ಕಂಡ ಪಟನ ಕತ್ರುಸೋದು ಯಾವಾಗ ಏಳು? ನಮ್ಮಟ್ಟೀಲಿ ನನ್ ಗಂಡ ಸತ್ತಾಗ ನಾನೇ ಕತ್ರುಸ್ದೆ, ಗೋಡೆಗಾಕಕೆ. ಬದ್ಕಿರೋರ್ನ ಯಾರಾದ್ರೂ ಕತ್ರುಸ್ತಾರಾ? ಅಟ್ಟೀಲಿ ಮಿಷಿನ್ ತುಳೀತಾ ಕುಂತವ್ಳೆ, ಅವಳ್ನ ಸಾಯುಸ್ಬುಟ್ಟಲ್ಲೇ!"

ಶಿವಲಕ್ಷ್ಮಿಗೆ ಬೆಳಿಗ್ಗೆ ಯಂತ್ರದಿಂದ ಇಳಿದು ಬಂದ ಮುದುಕರ ತೋಳು, ಅದರ ಪಕ್ಕದ ಸೀರೆಯಂಚು ನೆನಪಾಯಿತು. "ಅಜ್ಜಿ... ಅವ್ಳು ನೆಂಟ್ರ ಹುಡ್ಗಿ..." ಎಂದಳು, ಹದಿನಾರು ವರ್ಷದ ಅಭ್ಯಾಸದಿಂದ.

"ಸುಮ್ಕಿರು ಕಂಡಿವ್ನಿ. ನಿಮ್ಮಪ್ಪ ಶಿವಮಲ್ಲಪ್ಪನ ನೆಂಟ್ರು ಯಾರ್ಯಾರು ಅಂತ ನಂಗೊತ್ತಿಲ್ವಾ? ಬೆಕ್ಕು ಕಣ್ ಮುಚ್ಕಂಡು ಆಲು ಕುಡುದ್ರೆ ಊರೂ ಕಣ್ ಮುಚ್ಕಂಡದೆ ಅನ್ಕಂತದಂತೆ."

ಯಾರೋ ಕಿಸಕ್ಕೆಂದರು. ಎಲ್ಲರೂ ನಗಲಿಲ್ಲ. ಸಾಲಿನ ನಡುವೆ ನಿಂತಿದ್ದ ಎದುರುಮನೆ ಯಶೋದಮ್ಮ ತನ್ನ ಕ್ಯಾನಿನ ಮುಚ್ಚಳವನ್ನು ಒತ್ತಿ ಮುಚ್ಚಿದಳು. ಶಿವಲಕ್ಷ್ಮಿಯ ಮುಖ ನೋಡದೆ, ಒಂದು ಮಾತೂ ಆಡದೆ, ಹಾಲು ಹೊತ್ತು ವಾಪಸ್ಸು ನಡೆದಳು. ಅವಳ ಹಿಂದೆ ಇನ್ನೊಬ್ಬಳು ಹೋದಳು. ಹದಿನಾರು ವರ್ಷ ಯಾವುದಕ್ಕೆ ಹೆದರಿದ್ದಳೋ ಅದು ಹಾಡುಹಗಲೇ, ಕಣ್ಣೆದುರಿಗೇ ಆಯಿತು. ಬಾವಿಕಟ್ಟೆಯ ಆ ಮೌನವೇ. ಮೂರನೆಯವಳು ಯಾರು ಎಂದು ಶಿವಲಕ್ಷ್ಮಿ ಕಾದಳು. ಕೆಲವರು ನೆಲ ನೋಡುತ್ತಿದ್ದರು, ಕೆಲವರು ಯಶೋದಮ್ಮನ ಬೆನ್ನು ನೋಡುತ್ತಿದ್ದರು.

ಪುಟ್ಟಮಲ್ಲಮ್ಮ ತನ್ನ ಚೊಂಬನ್ನು ಮೇಜಿನ ಮೇಲೆ ಕುಕ್ಕಿದಳು. "ನೋಡಮ್ಮಿ, ಡಿಗ್ರಿ ಎಷ್ಟದೆ."

ಶಿವಲಕ್ಷ್ಮಿ ನೋಡಲಿಲ್ಲ. ಸೆರಗಿನಲ್ಲಿ ಕೈ ಒರೆಸಿಕೊಂಡು ಫೋನು ತೆಗೆದಳು. ಬೆಳಿಗ್ಗೆ ಅಂಗಡಿಯಲ್ಲಿ ಬರೆದುಕೊಂಡು ಬಂದ ನಂಬರು ಒತ್ತಿದಳು. ಸಾಲಿನವರೆಲ್ಲ ಕೇಳಿಸಿಕೊಳ್ಳುತ್ತಿದ್ದಾರೆ ಎಂಬುದು ಅವಳಿಗೆ ಗೊತ್ತಿತ್ತು.

"ಮಾಲಿಂಗಣ್ಣ, ನಾನು ಶಿವಲಕ್ಷ್ಮಿ. ಬೆಳಿಗ್ಗೆ ಕತ್ರುಸಿದ್ರಲ್ಲ, ಆ ಪೂರಾ ಫೋಟೊ ಅದಾ, ಅಳುಸ್ಬುಟ್ರಾ?"

"ಅದೆ ಅಕ್ಕ. ಯಾಕೋ ಅಳುಸಕ್ಕೆ ಮನಸ್ ಬರ್ನಿಲ್ಲ."

"ಇಬ್ರುದೂ ಆಕಿ ಇನ್ನೊಂದು ಫ್ಲೆಕ್ಸು ಮಾಡಿ. ನಾಳೀಕೇ ಬೇಕು."

"ಕೆಳಗಿನ್ ಮ್ಯಾಟ್ರೂ ಸೇರುಸ್ಲಾ?"

ಶಿವಲಕ್ಷ್ಮಿ ಸಾಲಿನ ಕಡೆ ನೋಡಿದಳು. ಎರಡು ಜಾಗ ಖಾಲಿಯಿದ್ದವು. ಹಿಂದಿನವರು ಮುಂದೆ ಸರಿದು ಅದನ್ನು ಇನ್ನೂ ತುಂಬಿರಲಿಲ್ಲ.

"ಅಷ್ಟು ಧೈರ್ಯ ಇನ್ನೂ ಬಂದಿಲ್ಲ ಅಣ್ಣ" ಎಂದಳು. "ಅವಳ್ ಹೆಸ್ರು ಮಾತ್ರ ಆಕಿ. ನನ್ ಹೆಸ್ರು ಪಕ್ಕದಲ್ಲಿ, ಅದೇ ಸೈಜ್‌ನಲ್ಲಿ."

ಫೋನಿಟ್ಟು ಲ್ಯಾಕ್ಟೋಮೀಟರ್ ಕೈಗೆ ತೆಗೆದುಕೊಂಡಳು. ಅದು ಇನ್ನೂ ಟಿಣಿಟಿಣಿ ಅನ್ನುತ್ತಲೇ ಇತ್ತು. ರಮ್ಯ ಒಂದು ಹೆಜ್ಜೆ ಮುಂದೆ ಬಂದು, ಯಶೋದಮ್ಮ ಬಿಟ್ಟುಹೋದ ಜಾಗದಲ್ಲಿ ತನ್ನ ಕ್ಯಾನು ಇಟ್ಟಳು.